ತುಂಗಭದ್ರೆಯ ದಡದ ಜೀವವಿಜ್ಞಾನ: ಶಿವಗಂಗೋತ್ರಿಯಿಂದ ಹರಿಹರದವರೆಗೆ

ದಾವಣಗೆರೆ: ವಿಶ್ವವಿದ್ಯಾನಿಲಯವೊಂದರ ವಿಜ್ಞಾನ ವಿಭಾಗಗಳ ಸಾಧನೆಯನ್ನು ಅಳೆಯುವಾಗ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಚಿನ್ನದ ಪದಕಗಳು, ಪಿಎಚ್.ಡಿ. ಪದವಿಗಳು, ಪ್ರಕಟಿತ ಪ್ರಬಂಧಗಳು ಹಾಗೂ ದೊರೆತ ಅನುದಾನ. ಆದರೆ ಮಧ್ಯ ಕರ್ನಾಟಕದ ಈ ಭಾಗದಲ್ಲಿ ಜೀವವಿಜ್ಞಾನಿಗಳ ಕೆಲಸಕ್ಕೆ ಇನ್ನೊಂದು ಅಳತೆಗೋಲೂ ಇದೆ. ಅದು ತುಂಗಭದ್ರಾ ನದಿ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ ಹರಿಯುವ ಈ ನದಿಯೇ ಎರಡೂ ನಗರಗಳ ಕುಡಿಯುವ ನೀರಿನ ಮುಖ್ಯ ಆಸರೆ. ನದಿಯ ನೀರಿನಲ್ಲಿ ಯಾವ ಜೀವಿಗಳು ಬದುಕಿವೆ, ಯಾವುವು ಮರೆಯಾಗಿವೆ, ಏಕೆ ಮರೆಯಾದವು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಹೊಣೆ ಈ ಪ್ರದೇಶದ ವಿಶ್ವವಿದ್ಯಾನಿಲಯಗಳ ಪ್ರಯೋಗಾಲಯಗಳದ್ದು.

ಕಳೆದ ಏಳು ದಶಕಗಳಲ್ಲಿ ಈ ನದಿವ್ಯವಸ್ಥೆಯ ಮೇಲೆ ನಡೆದ ಕೆಲವು ಅಧ್ಯಯನಗಳು ಜೀವವಿಜ್ಞಾನ ಏನನ್ನು ಹೇಳಬಲ್ಲದು ಎಂಬುದನ್ನು ತೋರಿಸಿಕೊಟ್ಟಿವೆ. ಅವುಗಳ ನಡುವಿನ ದೀರ್ಘ ಅಂತರಗಳು ಇನ್ನೂ ಆಗಬೇಕಾದ ಕೆಲಸವನ್ನೂ ಸೂಚಿಸುತ್ತವೆ.

ಮೈಸೂರಿನ ಕೇಂದ್ರದಿಂದ ಸ್ವತಂತ್ರ ವಿಶ್ವವಿದ್ಯಾನಿಲಯದವರೆಗೆ

ದಾವಣಗೆರೆಯಲ್ಲಿ ಸ್ನಾತಕೋತ್ತರ ಶಿಕ್ಷಣದ ಇತಿಹಾಸ ಆರಂಭವಾಗುವುದು 1979ರಲ್ಲಿ. ಆ ವರ್ಷ ಮೈಸೂರು ವಿಶ್ವವಿದ್ಯಾನಿಲಯವು ಇಲ್ಲಿ ತನ್ನ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಹತ್ತಿ ಗಿರಣಿಗಳ ಊರೆಂದೇ ಹೆಸರಾಗಿದ್ದ ದಾವಣಗೆರೆ ಅಷ್ಟರಲ್ಲಾಗಲೇ ಎಂಜಿನಿಯರಿಂಗ್ ಹಾಗೂ ವೈದ್ಯಕೀಯ ಕಾಲೇಜುಗಳ ಮೂಲಕ ವಿದ್ಯಾಕೇಂದ್ರವಾಗಿ ಬೆಳೆಯತೊಡಗಿತ್ತು. ಮೂಲ ವಿಜ್ಞಾನದಲ್ಲಿ ಉನ್ನತ ವ್ಯಾಸಂಗ ಮಾಡಬಯಸುವವರಿಗೆ ಮಾತ್ರ ಮೈಸೂರು, ಬೆಂಗಳೂರು ಅಥವಾ ಧಾರವಾಡವೇ ಗತಿಯಾಗಿತ್ತು. ಆ ಕೊರತೆಯನ್ನು ನೀಗಿಸುವತ್ತ ಸ್ನಾತಕೋತ್ತರ ಕೇಂದ್ರ ಮೊದಲ ಹೆಜ್ಜೆಯಾಯಿತು.

1987ರಲ್ಲಿ ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ದಾವಣಗೆರೆ ಕೇಂದ್ರ ಅದರ ಅಧೀನಕ್ಕೆ ಬಂದಿತು. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಅದಾದ 12 ವರ್ಷಗಳ ಬಳಿಕ, 2009ರ ಆಗಸ್ಟ್‌ನಲ್ಲಿ, ದಾವಣಗೆರೆ ಹಾಗೂ ಚಿತ್ರದುರ್ಗ ಜಿಲ್ಲೆಗಳ ವ್ಯಾಪ್ತಿಯೊಂದಿಗೆ ದಾವಣಗೆರೆ ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಿತು. ತೋಳಹುಣಸೆಯ ಬಳಿ ಇರುವ ಅದರ ಮುಖ್ಯ ಆವರಣದ ಹೆಸರು ಶಿವಗಂಗೋತ್ರಿ. ಮೈಸೂರಿನ ಮಾನಸಗಂಗೋತ್ರಿಯ ಹೆಸರಿನ ಜಾಡನ್ನು ಇದರಲ್ಲಿ ಗುರುತಿಸಬಹುದು.

ಹೀಗಾಗಿ ಈ ಭಾಗದ ಜೀವವಿಜ್ಞಾನದ ಕಥೆ ಒಂದೇ ಆವರಣಕ್ಕೆ ಸೀಮಿತವಾದುದಲ್ಲ. 22 ವರ್ಷಗಳ ಕಾಲ ಶಂಕರಘಟ್ಟದ ಜ್ಞಾನಸಹ್ಯಾದ್ರಿ ಮತ್ತು ದಾವಣಗೆರೆಯ ಶಿವಗಂಗೋತ್ರಿ ಒಂದೇ ವಿಶ್ವವಿದ್ಯಾನಿಲಯದ ಎರಡು ಅಂಗಗಳಾಗಿದ್ದವು. ಮೊದಲನೆಯದು ಭದ್ರಾ ಜಲಾಶಯದ ಸಮೀಪ, ಮಲೆನಾಡಿನ ಅಂಚಿನಲ್ಲಿದೆ. ಎರಡನೆಯದು ಭದ್ರಾ ನಾಲೆಯ ನೀರುಂಡು ಭತ್ತ ಬೆಳೆಯುವ ಬಯಲುಸೀಮೆಯಲ್ಲಿದೆ. ಎರಡನ್ನೂ ಬೆಸೆದಿರುವುದು ಒಂದೇ ನದಿವ್ಯವಸ್ಥೆ.

ಯಾವ ವಿಭಾಗ, ಯಾವ ಕೆಲಸ

ಶಿವಗಂಗೋತ್ರಿಯಲ್ಲಿ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ ಹಾಗೂ ಆಹಾರ ತಂತ್ರಜ್ಞಾನ ವಿಭಾಗಗಳಿವೆ. ಹೊರಗಿನವರಿಗೆ ಇವೆಲ್ಲ ಒಂದೇ ವಿಷಯದ ಬೇರೆ ಬೇರೆ ಹೆಸರುಗಳಂತೆ ಕಾಣಬಹುದು. ವಾಸ್ತವದಲ್ಲಿ ಪ್ರತಿಯೊಂದೂ ಜೀವಿಯನ್ನು ಬೇರೊಂದು ಕೋನದಿಂದ ನೋಡುತ್ತದೆ.

ನದಿಯ ಒಂದು ಲೀಟರ್ ನೀರನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸಸ್ಯಶಾಸ್ತ್ರದ ವಿದ್ಯಾರ್ಥಿ ಅದರಲ್ಲಿನ ಪಾಚಿಗಳನ್ನು ಗುರುತಿಸುತ್ತಾನೆ. ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ ಕಣ್ಣಿಗೆ ಕಾಣದ ರೋಟಿಫರ್, ನೀರುಚಿಗಟ ಮುಂತಾದ ಪ್ರಾಣಿಪ್ಲವಕಗಳನ್ನು ಎಣಿಸುತ್ತಾಳೆ. ಸೂಕ್ಷ್ಮಜೀವಶಾಸ್ತ್ರಜ್ಞರಿಗೆ ಬೇಕಾದುದು ಮಲಮೂತ್ರದ ಬೆರಕೆಯನ್ನು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಸಂಖ್ಯೆ. ವಿಷವಸ್ತುಗಳು ಮೀನಿನ ಯಕೃತ್ತಿನಲ್ಲಿ ಅಥವಾ ಕಿವಿರಿನಲ್ಲಿ ಯಾವ ಬದಲಾವಣೆ ಉಂಟುಮಾಡಿವೆ ಎಂಬುದನ್ನು ಕಿಣ್ವಗಳ ಪರೀಕ್ಷೆಯಿಂದ ತಿಳಿಯುವುದು ಜೀವರಸಾಯನಶಾಸ್ತ್ರದ ಕೆಲಸ. ನೀರಿನಲ್ಲಿ ಉಳಿದಿರುವ ವಂಶವಾಹಿ ತುಣುಕುಗಳಿಂದ ಅಲ್ಲಿ ಬದುಕಿದ್ದ ಜೀವಿಗಳನ್ನು ಪತ್ತೆಹಚ್ಚುವ ಇತ್ತೀಚಿನ ವಿಧಾನ ಜೈವಿಕ ತಂತ್ರಜ್ಞಾನದ ಕ್ಷೇತ್ರಕ್ಕೆ ಸೇರಿದ್ದು.

ನದಿಯ ಆರೋಗ್ಯದಂಥ ಪ್ರಶ್ನೆಗೆ ಯಾವ ಒಂದು ವಿಭಾಗವೂ ಒಂಟಿಯಾಗಿ ಪೂರ್ಣ ಉತ್ತರ ನೀಡಲಾರದು. ಆರೂ ವಿಭಾಗಗಳು ಒಂದೇ ಆವರಣದಲ್ಲಿರುವುದು ಶಿವಗಂಗೋತ್ರಿಗಿರುವ ಅನುಕೂಲ.

ಉಗಮದ ಬಳಿ: ಕಪ್ಪೆಗಳು ಹೇಳಿದ್ದು

ತುಂಗಾ ಮತ್ತು ಭದ್ರಾ ನದಿಗಳೆರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿ. ಈ ಪ್ರದೇಶದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದಿತ್ತು. ಅದರ ಪರಿಣಾಮ ಕುರಿತ ವಾದ ವಿವಾದಗಳು ನ್ಯಾಯಾಲಯದಲ್ಲಿದ್ದ ಕಾಲಕ್ಕೇ ಕುವೆಂಪು ವಿಶ್ವವಿದ್ಯಾನಿಲಯದ ಎಸ್.ವಿ. ಕೃಷ್ಣಮೂರ್ತಿ ಅವರು ಕುದುರೆಮುಖದ ಕಪ್ಪೆಗಳನ್ನು ಅಧ್ಯಯನ ಮಾಡಿದರು. ಮನುಷ್ಯನ ಹಸ್ತಕ್ಷೇಪಕ್ಕೆ ಒಳಗಾದ ಹಾಗೂ ಒಳಗಾಗದ ತಾಣಗಳಲ್ಲಿನ ಉಭಯವಾಸಿಗಳನ್ನು ಹೋಲಿಸಿದ ಅವರ ಪ್ರಬಂಧ 2003ರಲ್ಲಿ ಅಂತಾರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಕಪ್ಪೆಗಳನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕಪ್ಪೆಯ ಚರ್ಮ ತೆಳುವಾದುದು, ತೇವಭರಿತವಾದುದು. ಶ್ವಾಸಕೋಶದ ಜೊತೆಗೆ ಚರ್ಮದ ಮೂಲಕವೂ ಅದು ಉಸಿರಾಡುತ್ತದೆ. ಮೊಟ್ಟೆ ಮತ್ತು ಗೊದಮೊಟ್ಟೆಯ ಹಂತ ನೀರಿನಲ್ಲಿ, ಬೆಳೆದ ಬಳಿಕದ ಬದುಕು ಹೆಚ್ಚಾಗಿ ನೆಲದ ಮೇಲೆ. ಆದ್ದರಿಂದ ನೀರು ಕೆಟ್ಟರೂ ಕಾಡು ಕೆಟ್ಟರೂ ಮೊದಲು ಪೆಟ್ಟು ಬೀಳುವುದು ಕಪ್ಪೆಗೆ. ಪಶ್ಚಿಮ ಘಟ್ಟದ ಅನೇಕ ಪ್ರಭೇದಗಳು ಜಗತ್ತಿನ ಬೇರೆಲ್ಲೂ ಕಾಣದಂಥವು ಎಂಬುದು ಈ ಅಧ್ಯಯನಗಳ ಮಹತ್ವವನ್ನು ಹೆಚ್ಚಿಸುತ್ತದೆ.

ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ನೀಡಿದ ತೀರ್ಪಿನಂತೆ ಕುದುರೆಮುಖದ ಗಣಿಗಾರಿಕೆ 2005ರ ಅಂತ್ಯಕ್ಕೆ ಸ್ಥಗಿತಗೊಂಡಿತು. ಗಣಿಗಾರಿಕೆಯಿಂದ ಭದ್ರಾ ನದಿಗೆ ಸೇರುವ ಹೂಳಿನ ಪ್ರಮಾಣದ ಕುರಿತ ವೈಜ್ಞಾನಿಕ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ನದಿಯ ಮೂಲದಲ್ಲಿ ಆಗುವುದೆಲ್ಲವೂ ಕೆಳಗಿನ ಬಯಲಿನ ಜನರಿಗೆ ಸಂಬಂಧಿಸಿದ್ದೇ ಎಂಬುದಕ್ಕೆ ಈ ಪ್ರಕರಣ ಸಾಕ್ಷಿಯಾಗಿದೆ.

ಭದ್ರಾವತಿ: 1956ರ ಎಚ್ಚರಿಕೆ

ನದಿ ಬೆಟ್ಟವಿಳಿದು ಮೊದಲು ಎದುರುಗೊಳ್ಳುವ ಕೈಗಾರಿಕಾ ನಗರ ಭದ್ರಾವತಿ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಬೆಸೆದ ಕಬ್ಬಿಣದ ಕಾರ್ಖಾನೆ ಹಾಗೂ 1930ರ ದಶಕದಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಈ ಊರಿಗೆ ಹೆಸರು ತಂದಿದ್ದವು. ಕೈಗಾರಿಕಾ ತ್ಯಾಜ್ಯದಿಂದ ಭದ್ರಾ ನದಿಯ ಮೀನುಗಾರಿಕೆಗೆ ಆದ ಮಾಲಿನ್ಯ ಕುರಿತು ಎ. ಡೇವಿಡ್ ಅವರು ನಡೆಸಿದ ಅಧ್ಯಯನ 1956ರಲ್ಲಿ ಪ್ರಕಟವಾಯಿತು. ಭಾರತದ ನದಿಗಳ ಕೈಗಾರಿಕಾ ಮಾಲಿನ್ಯವನ್ನು ಜೀವಿಗಳ ಮೂಲಕ ಅಳೆದ ಆರಂಭದ ಅಧ್ಯಯನಗಳ ಸಾಲಿಗೆ ಇದು ಸೇರುತ್ತದೆ.

ಇಲ್ಲಿ ಕಾಲಮಾನವನ್ನು ಗಮನಿಸಬೇಕು. ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 1974ರಲ್ಲಿ. ಎಂದರೆ, ಕಾನೂನು ಬರುವ 18 ವರ್ಷ ಮೊದಲೇ ಒಬ್ಬ ಮೀನುಗಾರಿಕಾ ವಿಜ್ಞಾನಿ ಈ ನದಿಯ ಸ್ಥಿತಿಯನ್ನು ದಾಖಲಿಸಿದ್ದರು. ಭದ್ರಾವತಿಯಿಂದ ಹರಿದ ನೀರು ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ತುಂಗಭದ್ರೆಯೆಂಬ ಹೆಸರು ಪಡೆದು, ಹೊನ್ನಾಳಿಯ ಮೂಲಕ ಹರಿಹರಕ್ಕೆ ಬರುತ್ತದೆ.

ಹರಿಹರ: ಮೀನುಗಳು ಸತ್ತ ವರ್ಷ

ಹರಿಹರ ಪುರಾತನ ಕ್ಷೇತ್ರ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, ಅವನ ಮಂತ್ರಿ ಪೋಳಾಲ್ವನು 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ನದಿಯ ಸಮೀಪದಲ್ಲೇ ಇದೆ. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ತೊರೆ ತುಂಗಭದ್ರೆಯನ್ನು ಸೇರುವುದೂ ಇದೇ ಪರಿಸರದಲ್ಲಿ. 20ನೇ ಶತಮಾನದಲ್ಲಿ ಇದು ಕೈಗಾರಿಕಾ ನಗರವಾಗಿ ಬದಲಾಯಿತು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್ ಯಂತ್ರಗಳು ಊರಿನ ಹೆಸರನ್ನು ದೇಶದಾದ್ಯಂತ ಪಸರಿಸಿದ್ದವು. ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ನೀಲಗಿರಿ ಮರದ ತಿರುಳಿನಿಂದ ರೇಯಾನ್ ನೂಲಿಗೆ ಬೇಕಾದ ಪಲ್ಪ್ ತಯಾರಿಸುವುದು ಅದರ ಉದ್ದೇಶ.

ಮರದಿಂದ ಪಲ್ಪ್ ತಯಾರಿಸುವಾಗ ಮರದ ಚಕ್ಕೆಗಳನ್ನು ರಾಸಾಯನಿಕಗಳೊಂದಿಗೆ ಬೇಯಿಸಿ, ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ಕರಗಿಸಿ ತೆಗೆಯಲಾಗುತ್ತದೆ. ಹೀಗೆ ಉಳಿಯುವ ಕಪ್ಪು ದ್ರಾವಣದಲ್ಲಿ ಸಾವಯವ ವಸ್ತು ಅಪಾರವಾಗಿರುತ್ತದೆ. ಲಿಗ್ನಿನ್ ಸುಲಭವಾಗಿ ಕೊಳೆಯುವುದಿಲ್ಲ. ನೀರಿನ ಕಂದು ಬಣ್ಣಕ್ಕೂ ಅದೇ ಮುಖ್ಯ ಕಾರಣ. ಸರಿಯಾಗಿ ಶುದ್ಧೀಕರಿಸದ ತ್ಯಾಜ್ಯ ನದಿಗೆ ಸೇರಿದಲ್ಲಿ, ಅದರಲ್ಲಿನ ಕೊಳೆಯುವ ಅಂಶವನ್ನು ವಿಭಜಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ.

1984ರಲ್ಲಿ ತುಂಗಭದ್ರೆಯಲ್ಲಿ ಮೀನುಗಳು ದೊಡ್ಡ ಸಂಖ್ಯೆಯಲ್ಲಿ ಸತ್ತು ತೇಲಿದವು. ನದಿಯನ್ನು ನಂಬಿದ್ದ ಮೀನುಗಾರರು ಹಾಗೂ ಕೆಳದಂಡೆಯ ಗ್ರಾಮಸ್ಥರು ಇದಕ್ಕೆ ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ಪ್ರತಿಭಟನೆಗಿಳಿದರು. ಎಸ್.ಆರ್. ಹಿರೇಮಠ ಅವರ ನೇತೃತ್ವದ ಸಮಾಜ ಪರಿವರ್ತನ ಸಮುದಾಯವು ಈ ವಿಷಯವನ್ನು ನ್ಯಾಯಾಲಯಕ್ಕೂ ಜನರ ಮುಂದಕ್ಕೂ ಒಯ್ದಿತು. ಕರ್ನಾಟಕದ ಪರಿಸರ ಚಳವಳಿಯ ಇತಿಹಾಸದಲ್ಲಿ ತುಂಗಭದ್ರಾ ಮಾಲಿನ್ಯ ವಿರೋಧಿ ಹೋರಾಟಕ್ಕೆ ಪ್ರಮುಖ ಸ್ಥಾನವಿದೆ.

ಹೋರಾಟ ನೀರಿಗಷ್ಟೇ ಸೀಮಿತವಾಗಲಿಲ್ಲ. ಕಾರ್ಖಾನೆಗೆ ಕಚ್ಚಾವಸ್ತು ಒದಗಿಸುವ ಸಲುವಾಗಿ 1984ರಲ್ಲಿ ರಾಜ್ಯ ಸರ್ಕಾರದ ಶೇ 51 ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಸ್ಥಾಪನೆಯಾಯಿತು. ಗ್ರಾಮಗಳ ಸುತ್ತಲಿನ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಅದರದಾಗಿತ್ತು. ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ಕೆ. ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ಜನೋಪಯೋಗಿ ಸಸಿಗಳನ್ನು ನೆಟ್ಟ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ದೇಶದ ಗಮನ ಸೆಳೆಯಿತು. 1991ರಲ್ಲಿ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ಈ ಹೋರಾಟದುದ್ದಕ್ಕೂ ಎದ್ದ ಪ್ರಶ್ನೆಗಳು ಮೂಲತಃ ಜೀವವಿಜ್ಞಾನದ ಪ್ರಶ್ನೆಗಳೇ ಆಗಿದ್ದವು. ಸತ್ತ ಮೀನುಗಳು ಯಾವ ಪ್ರಭೇದದವು? ಘಟನೆಗೆ ಮುನ್ನ ನದಿಯಲ್ಲಿ ಅವುಗಳ ಸಂಖ್ಯೆ ಎಷ್ಟಿತ್ತು? ಕಾರ್ಖಾನೆಯ ಮೇಲ್ಭಾಗದ ನೀರಿಗೂ ಕೆಳಭಾಗದ ನೀರಿಗೂ ಏನು ವ್ಯತ್ಯಾಸ? ನೀಲಗಿರಿ ತೋಪಿನ ಕೆಳಗೆ ಹುಲ್ಲು ಬೆಳೆಯುತ್ತದೆಯೇ? ಇಂಥ ಪ್ರಶ್ನೆಗಳಿಗೆ ಘಟನೆ ನಡೆದ ಮೇಲೆ ಉತ್ತರ ಹುಡುಕುವುದು ಕಷ್ಟ. ಮೊದಲಿನ ದಾಖಲೆ ಇದ್ದಾಗ ಮಾತ್ರ ನಷ್ಟವನ್ನು ಅಳೆಯಲು ಸಾಧ್ಯ.

ಪ್ಲವಕಗಳ ಎಣಿಕೆ

ಹರಿಹರದ ನದಿಯ ಇಂಥ ದಾಖಲೆಗಳಲ್ಲಿ ದಾವಣಗೆರೆ ಹಾಗೂ ಕುವೆಂಪು ವಿಶ್ವವಿದ್ಯಾನಿಲಯದ ಸಂಶೋಧಕರ ಎರಡು ಪ್ರಬಂಧಗಳು ಉಲ್ಲೇಖನೀಯ. ಬಿ. ಸುರೇಶ್, ಎಸ್. ಮಂಜಪ್ಪ ಹಾಗೂ ಇ.ಟಿ. ಪುಟ್ಟಯ್ಯ ಅವರು ಹರಿಹರದ ಬಳಿಯ ತುಂಗಭದ್ರೆಯ ಪ್ರಾಣಿಪ್ಲವಕಗಳ ಕುರಿತು 2009ರಲ್ಲಿ, ಸಸ್ಯಪ್ಲವಕಗಳು ಕಾಲಕಾಲಕ್ಕೆ ಬದಲಾಗುವ ಕ್ರಮದ ಕುರಿತು 2013ರಲ್ಲಿ ತಮ್ಮ ಅಧ್ಯಯನಗಳನ್ನು ಪ್ರಕಟಿಸಿದರು.

ಪ್ಲವಕಗಳೆಂದರೆ ನೀರಿನ ಹರಿವಿನೊಂದಿಗೆ ತೇಲುವ ಸೂಕ್ಷ್ಮ ಜೀವಿಗಳು. ಸಸ್ಯಪ್ಲವಕಗಳು ಬಿಸಿಲನ್ನು ಬಳಸಿ ಆಹಾರ ತಯಾರಿಸುತ್ತವೆ. ಪ್ರಾಣಿಪ್ಲವಕಗಳು ಅವುಗಳನ್ನು ತಿನ್ನುತ್ತವೆ. ಮೀನುಮರಿಗಳು ಎರಡನ್ನೂ ತಿಂದು ಬೆಳೆಯುತ್ತವೆ. ಮೀನಿನಂತೆ ಇವು ಕೆಟ್ಟ ನೀರಿನಿಂದ ಈಜಿ ಪಾರಾಗಲಾರವು. ಇವುಗಳ ಆಯುಷ್ಯವೂ ಅಲ್ಪ. ಆದಕಾರಣ ನೀರಿನ ಗುಣ ಬದಲಾದ ಕೆಲವೇ ದಿನಗಳಲ್ಲಿ ಪ್ಲವಕಗಳ ಪಟ್ಟಿಯೂ ಬದಲಾಗುತ್ತದೆ.

ಎಣಿಕೆಯ ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದು. ಅತಿಸೂಕ್ಷ್ಮ ರಂಧ್ರಗಳ ಬಲೆಯ ಮೂಲಕ ನಿಗದಿತ ಪ್ರಮಾಣದ ನೀರನ್ನು ಸೋಸಿ, ಉಳಿದುದನ್ನು ಅಯೋಡಿನ್ ಅಥವಾ ಫಾರ್ಮಲಿನ್ ದ್ರಾವಣದಲ್ಲಿ ಸಂರಕ್ಷಿಸಲಾಗುತ್ತದೆ. ಅನಂತರ 50 ಮಿ.ಮೀ. ಉದ್ದ, 20 ಮಿ.ಮೀ. ಅಗಲ ಹಾಗೂ 1 ಮಿ.ಮೀ. ಆಳದ ಗಾಜಿನ ಕೋಶದಲ್ಲಿ ಒಂದು ಮಿಲಿಲೀಟರ್ ಮಾದರಿಯನ್ನು ಹಾಕಿ, ಸೂಕ್ಷ್ಮದರ್ಶಕದಡಿ ಒಂದೊಂದನ್ನೇ ಗುರುತಿಸಿ ಎಣಿಸಬೇಕು. ತಿಂಗಳಿಗೊಮ್ಮೆ, ಅದೇ ತಾಣಗಳಲ್ಲಿ, ವರ್ಷವಿಡೀ ಈ ಕೆಲಸ ನಡೆದರೆ ಮಾತ್ರ ಮಳೆಗಾಲದ ಏರುಪೇರಿಗೂ ಮಾಲಿನ್ಯದ ಏರುಪೇರಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಹೀಗೆ ದೊರೆತ ಪಟ್ಟಿಯನ್ನು ಓದಲು ಅಮೆರಿಕದ ವಿಜ್ಞಾನಿ ಸಿ.ಎಂ. ಪಾಮರ್ 1969ರಲ್ಲಿ ಸೂಚಿಸಿದ ಅಂಕಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಸಾವಯವ ಮಾಲಿನ್ಯವನ್ನು ತಾಳಿಕೊಳ್ಳುವ 20 ಪಾಚಿ ಕುಲಗಳಿಗೆ 1ರಿಂದ 5ರವರೆಗೆ ಅಂಕಗಳಿವೆ. ಯೂಗ್ಲಿನಾ ಹಾಗೂ ಆಸಿಲಟೋರಿಯಾಗಳಿಗೆ ತಲಾ 5, ಸೀನೆಡೆಸ್ಮಸ್‌ಗೆ 4, ನಾವಿಕ್ಯುಲಾ ಮತ್ತು ನಿಟ್ಸ್‌ಶಿಯಾಗಳಿಗೆ ತಲಾ 3 ಅಂಕ. ಈ ಐದೂ ಒಂದೇ ಮಾದರಿಯಲ್ಲಿ ಗಣನೀಯ ಸಂಖ್ಯೆಯಲ್ಲಿ ಕಂಡುಬಂದರೆ ಒಟ್ಟು 20 ಅಂಕಗಳಾಗುತ್ತವೆ. 20 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಸಾವಯವ ಮಾಲಿನ್ಯ ತೀವ್ರವಾಗಿದೆಯೆಂದೂ, 15ರಿಂದ 19ರವರೆಗಿದ್ದರೆ ಮಾಲಿನ್ಯದ ಸಂಭವವಿದೆಯೆಂದೂ ಅರ್ಥ. ದುಬಾರಿ ಯಂತ್ರಗಳಿಲ್ಲದ ಪದವಿ ಕಾಲೇಜಿನ ಪ್ರಯೋಗಾಲಯದಲ್ಲೂ ಮಾಡಬಹುದಾದ ಪರೀಕ್ಷೆ ಇದು.

ರಾಸಾಯನಿಕ ಪರೀಕ್ಷೆ ಸಾಲದೇ?

ನೀರಿನ ಗುಣವನ್ನು ರಾಸಾಯನಿಕ ಪರೀಕ್ಷೆಯಿಂದಲೇ ತಿಳಿಯಬಹುದಲ್ಲ ಎಂಬ ಪ್ರಶ್ನೆ ಸಹಜ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಬಳಕೆಗೆ ಅನುಗುಣವಾಗಿ ನೀರನ್ನು ವರ್ಗೀಕರಿಸಿದೆ. ಸ್ನಾನಕ್ಕೆ ಯೋಗ್ಯವೆನಿಸಲು ಪ್ರತಿ ಲೀಟರ್ ನೀರಿನಲ್ಲಿ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು. ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿ.ಓ.ಡಿ., 3 ಮಿಲಿಗ್ರಾಂ ಮೀರಬಾರದು. 100 ಮಿಲಿಲೀಟರ್‌ನಲ್ಲಿ ಕೋಲಿಫಾರ್ಮ್ ಸಂಖ್ಯೆ 500ರ ಒಳಗಿರಬೇಕು. ಮೀನುಗಾರಿಕೆ ಹಾಗೂ ವನ್ಯಜೀವಿಗಳಿಗೆ ಕರಗಿದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ ಬೇಕು.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವ ಪ್ರಮಾಣ ಕಡಿಮೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಲೀಟರೊಂದಕ್ಕೆ ಸುಮಾರು 7.5 ಮಿಲಿಗ್ರಾಂಗಿಂತ ಹೆಚ್ಚು ಕರಗದು. ಬೇಸಿಗೆಯಲ್ಲಿ ನದಿಯ ಹರಿವೂ ಕುಗ್ಗುವುದರಿಂದ ತ್ಯಾಜ್ಯವನ್ನು ತೆಳುವಾಗಿಸುವ ನೀರು ಇರುವುದಿಲ್ಲ. ಮಳೆಗಾಲದಲ್ಲಿ ನಿರಪಾಯಕಾರಿ ಎನಿಸಿದ ಅದೇ ಪ್ರಮಾಣದ ತ್ಯಾಜ್ಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಮೀನುಗಳಿಗೆ ಮಾರಕವಾಗಬಹುದು.

ರಾಸಾಯನಿಕ ಪರೀಕ್ಷೆ ಹೇಳುವುದು ಮಾದರಿ ಸಂಗ್ರಹಿಸಿದ ಗಳಿಗೆಯ ನೀರಿನ ಸ್ಥಿತಿಯನ್ನು ಮಾತ್ರ. ಹಿಂದಿನ ರಾತ್ರಿ ತ್ಯಾಜ್ಯ ಹರಿದುಹೋಗಿದ್ದರೆ ಬೆಳಗಿನ ಮಾದರಿಯಲ್ಲಿ ಅದು ಸಿಗದಿರಬಹುದು. ಆದರೆ ನದಿಯ ತಳದ ಕಲ್ಲುಗಳಿಗೆ ಅಂಟಿಕೊಂಡು ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕುವ ಕೀಟಗಳ ಮರಿಗಳು, ಹುಳುಗಳು ಅಲ್ಲಿ ಹಾದುಹೋದುದಕ್ಕೆಲ್ಲ ಮೈಯೊಡ್ಡಿರುತ್ತವೆ. ಶುದ್ಧ ನೀರಿನ ಮೇಫ್ಲೈ ಮರಿಗಳು ಮಾಯವಾಗಿ, ಕಡಿಮೆ ಆಮ್ಲಜನಕದಲ್ಲೂ ಬದುಕುವ ಕೆಂಪು ಹುಳುಗಳು ಹೆಚ್ಚಿದರೆ ಅದು ಆ ತಾಣದ ಸ್ಥಿತಿಯನ್ನು ಹೇಳುತ್ತದೆ. ಎರಡೂ ಬಗೆಯ ಪರೀಕ್ಷೆಗಳು ಪರಸ್ಪರ ಪೂರಕ ಎಂಬುದೇ ತಜ್ಞರ ನಿಲುವು.

ಕೇಂದ್ರ ಮಂಡಳಿಯು 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳನ್ನು ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕದವು. ಹರಿಹರದ ಬಳಿಯ ತುಂಗಭದ್ರೆಯೂ ಆ ಪಟ್ಟಿಯಲ್ಲಿತ್ತು. ನಗರಗಳ ಒಳಚರಂಡಿ ನೀರು ಈ ಕಾಲದ ಮುಖ್ಯ ಸಮಸ್ಯೆಗಳಲ್ಲೊಂದು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಆರಂಭವಾದ 'ನಿರ್ಮಲ ತುಂಗಭದ್ರಾ ಅಭಿಯಾನ'ದ ಪಾದಯಾತ್ರೆಯೂ ಇದೇ ಕಳವಳದಿಂದ ಹುಟ್ಟಿದ್ದು.

ಅಪರೂಪವಾದ ಹರಗಿ

ನದಿಯ ಜೀವಿಗಳ ದಾಖಲೆ ಏಕೆ ಬೇಕೆಂಬುದಕ್ಕೆ ಹರಗಿ ಮೀನಿನ ಕಥೆ ಉತ್ತಮ ನಿದರ್ಶನ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ಈ ದೇಶೀಯ ಮೀನು ಜಲಸಸ್ಯಗಳನ್ನು ತಿಂದು ದೊಡ್ಡದಾಗಿ ಬೆಳೆಯುತ್ತದೆ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯ ತುಂಬಿದ ಬಳಿಕದ ಆರಂಭದ ವರ್ಷಗಳಲ್ಲಿ ಇದು ಬೆಸ್ತರ ಬಲೆಗೆ ಸಾಕಷ್ಟು ಬೀಳುತ್ತಿತ್ತು. ಕ್ರಮೇಣ ಅಪರೂಪವಾಯಿತು. ಇಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು ತೀವ್ರ ಅಪಾಯಕ್ಕೀಡಾದ ಪ್ರಭೇದ.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರದ ವಿಜ್ಞಾನಿಗಳು ಈ ಮೀನನ್ನು ಕೊಳಗಳಲ್ಲಿ ಮರಿಮಾಡಿಸುವ ಪ್ರಯತ್ನದಲ್ಲಿ ಯಶಸ್ಸು ಕಂಡಿರುವುದು ಆಶಾದಾಯಕ ಬೆಳವಣಿಗೆ. ಆದರೆ ಮರಿಗಳನ್ನು ಮರಳಿ ನದಿಗೆ ಬಿಡಬೇಕಾದರೆ ಯಾವ ತಾಣದಲ್ಲಿ ಅವುಗಳ ಆಹಾರ ಉಳಿದಿದೆ, ಎಲ್ಲಿ ನೀರು ಯೋಗ್ಯವಾಗಿದೆ ಎಂಬುದು ಮೊದಲು ತಿಳಿದಿರಬೇಕು. ಆ ಮಾಹಿತಿಯನ್ನು ಒದಗಿಸಬಲ್ಲವರು ನದಿಯ ದಡದಲ್ಲೇ ಇರುವ ವಿಶ್ವವಿದ್ಯಾನಿಲಯ ಹಾಗೂ ಕಾಲೇಜುಗಳವರು.

ನದಿಯಾಚೆಗಿನ ಪ್ರಯೋಗಾಲಯ

ಶಿವಗಂಗೋತ್ರಿಯ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯದ ತಾಣಗಳಿಗೆ ಕೊರತೆಯಿಲ್ಲ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ ಅಥವಾ ಸೂಳೆಕೆರೆ ಮಧ್ಯಯುಗದ ಬೃಹತ್ ಕೆರೆ. ದಾವಣಗೆರೆ ನಗರದಂಚಿನ ಕುಂದವಾಡ ಕೆರೆ ಕುಡಿಯುವ ನೀರಿನ ಸಂಗ್ರಹವಾಗಿರುವಂತೆಯೇ ಹಕ್ಕಿಗಳ ತಂಗುದಾಣವೂ ಹೌದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು ನಾಲ್ಕು ಕೊಂಬಿನ ಜಿಂಕೆ, ಅರ್ಥಾತ್ ಕೊಂಡುಕುರಿಯ ಸಂರಕ್ಷಣೆಗಾಗಿ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳ ಮಣ್ಣಿನ ಸೂಕ್ಷ್ಮಜೀವಿಗಳೇ ಒಂದು ಪ್ರತ್ಯೇಕ ಅಧ್ಯಯನ ವಿಷಯ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ತನ್ನ ವ್ಯಾಪ್ತಿಯ ಸಸ್ಯ, ಪ್ರಾಣಿ ಹಾಗೂ ಅವುಗಳ ಕುರಿತ ಜನರ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸಬೇಕು. ಗ್ರಾಮ ಪಂಚಾಯಿತಿಯೊಂದರಲ್ಲಿ ಪಾಚಿಯನ್ನೋ ಕಪ್ಪೆಯನ್ನೋ ಹೆಸರಿಸಿ ಗುರುತಿಸಬಲ್ಲವರು ವಿರಳ. ಬೆಸ್ತರಿಗೆ ಮೀನಿನ ಹೆಸರು, ಅದು ಮೊಟ್ಟೆಯಿಡುವ ಕಾಲ, ಮಡುವಿನ ಆಳ ಎಲ್ಲವೂ ಗೊತ್ತು. ಅದರ ವೈಜ್ಞಾನಿಕ ಹೆಸರು ಗೊತ್ತಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗೆ ವೈಜ್ಞಾನಿಕ ಹೆಸರು ಗೊತ್ತು. ಮಡು ಎಲ್ಲಿದೆಯೆಂಬುದು ಗೊತ್ತಿಲ್ಲ. ಈ ಇಬ್ಬರನ್ನೂ ಒಂದೆಡೆ ಸೇರಿಸಿದರೆ ದಾಖಲಾತಿ ಸಿದ್ಧವಾಗುತ್ತದೆ.

ಮುಂದಿನ ದಾರಿ

ಎಂ.ಎಸ್ಸಿ. ವಿದ್ಯಾರ್ಥಿಗಳು ವ್ಯಾಸಂಗದ ಅಂಗವಾಗಿ ಕಿರು ಪ್ರಬಂಧ ಸಲ್ಲಿಸುವುದು ರೂಢಿ. ಪ್ರತಿ ವರ್ಷವೂ ಹೊಸ ವಿಷಯ, ಹೊಸ ತಾಣ ಆರಿಸಿಕೊಳ್ಳುವ ಬದಲು ಹರಿಹರದ ನದಿಯ ಅದೇ ಕೆಲವು ತಾಣಗಳಲ್ಲಿ, ಅದೇ ವಿಧಾನದಲ್ಲಿ, ಒಂದು ತಂಡ ಬಿಟ್ಟ ಕೆಲಸವನ್ನು ಮುಂದಿನ ವರ್ಷದ ತಂಡ ಮುಂದುವರಿಸಿಕೊಂಡು ಹೋಗಲು ಸಾಧ್ಯವಿದೆ. ಒಂದು ವರ್ಷದ ಕಿರು ಪ್ರಬಂಧಕ್ಕೆ ಅಂಕಗಳಷ್ಟೇ ಬೆಲೆ. ಅಂಥ 20 ಪ್ರಬಂಧಗಳು ಸಾಲಾಗಿ ಜೋಡಣೆಯಾದರೆ ಅದು ನದಿಯ ಚರಿತ್ರೆಯಾಗುತ್ತದೆ. ನ್ಯಾಯಾಲಯದಲ್ಲಿ, ನಗರಸಭೆಯಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಮುಂದೆ ಸಾಕ್ಷಿಯಾಗಿ ನಿಲ್ಲಬಲ್ಲದ್ದು ಅಂಥ ದಾಖಲೆಯೇ.

1956ರಲ್ಲಿ ಭದ್ರಾವತಿ, 1984ರಲ್ಲಿ ಹರಿಹರ, 2003ರಲ್ಲಿ ಕುದುರೆಮುಖ, 2009 ಮತ್ತು 2013ರಲ್ಲಿ ಮತ್ತೆ ಹರಿಹರ. ತುಂಗಭದ್ರೆಯ ಕುರಿತು ಜೀವವಿಜ್ಞಾನ ಮಾತನಾಡಿದ ಹಾಗೂ ಮಾತನಾಡಬೇಕಾಗಿದ್ದ ಸಂದರ್ಭಗಳಿವು. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ಎತ್ತಿದ ನೀರು ಕೊಳವೆಯ ಮೂಲಕ ದಾವಣಗೆರೆಯ ಮನೆಗಳನ್ನು ಸೇರುತ್ತದೆ. ಆ ನೀರಿನಲ್ಲಿ ಏನು ಬದುಕಿದೆ ಎಂಬುದನ್ನು ವರ್ಷ ತಪ್ಪದೆ ಹೇಳಬಲ್ಲ ವಿಶ್ವವಿದ್ಯಾನಿಲಯ ತನ್ನ ಸಾಧನೆಯ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದುಕೊಳ್ಳಬಹುದು.